ಎರಡು ಬೆರಳು ಸಡಿಲ

ಪಟ್ಟಿ ಕಟ್ಟುವುದನ್ನು ಕಲಿತು ಬಂದವಳು ಶಿವಗಂಗವ್ವ. ಕಟ್ಟಲು ಮಾತ್ರ ಅವಳಿಗೆ ಅಪ್ಪಣೆ ಇರಲಿಲ್ಲ. ಚಿಗಳ್ಳಿಯ ಆ ಮನೆಯಲ್ಲಿ ಮುಂದೆ ಎರಡು ತಿಂಗಳು ನಡೆದ ಜಗಳಕ್ಕೆಲ್ಲ ಮೂಲ ಇಷ್ಟೇ.

ತಮ್ಮನ ಹೆಂಡತಿ ಗುರುಸಿದ್ದವ್ವನಿಗೆ ಆಗ ಆರನೆಯ ತಿಂಗಳು. ಎರಡು ವರ್ಷದ ಹಿಂದೆ ಒಂದು ಬಸಿರು ಏಳರಲ್ಲಿ ಹೋಗಿತ್ತು. ಈ ಸಲ ಟೊಂಕದ ಎಲುಬು ಬಿಚ್ಚಿಕೊಂಡಂಥ ನೋವು. ಒಲೆಯ ಮುಂದಿನಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಿದ್ದಳು, ಹೊಸ್ತಿಲು ದಾಟಬೇಕಾದರೆ ಬಾಗಿಲು ಹಿಡಿಯುತ್ತಿದ್ದಳು. ಅವಳ ಅತ್ತೆ, ಶಿವಗಂಗವ್ವನ ತಾಯಿ ಕಾಶೆವ್ವನಿಗೆ ಮೊಣಕಾಲು ಬೇನೆ, ಚಕ್ಕಡಿ ಹತ್ತಿ ಕೂರುವುದು ಆಗದು. ಹಾಗಾಗಿ ಮುಂಡಗೋಡದ ದವಾಖಾನೆಗೆ ಜೊತೆಯಲ್ಲಿ ಹೋದವಳು ಶಿವಗಂಗವ್ವ. ಗಂಡ ಸತ್ತು ಆರು ವರ್ಷ, ಮಕ್ಕಳಿಲ್ಲ. ಹಳಿಯಾಳದ ಕಡೆಯ ಗಂಡನ ಮನೆಯಿಂದ ಒಂದು ಗಂಟು ಅರಿವೆ ತೆಗೆದುಕೊಂಡು ತವರಿಗೆ ಬಂದವಳು ಮತ್ತೆ ಹೋಗಿರಲಿಲ್ಲ.

ದವಾಖಾನೆಯ ನರ್ಸು ಗಿರಿಜಾಬಾಯಿ ಮಾತಿಗಿಂತ ಕೈಯಲ್ಲಿ ಹೇಳುವವಳು. ಗುರುಸಿದ್ದವ್ವನನ್ನು ಮರದ ಬೆಂಚಿನ ಮೇಲೆ ಮಲಗಿಸಿ, ಗೇಣಗಲದ ದಪ್ಪ ಅರಿವೆಯ ಪಟ್ಟಿಯೊಂದನ್ನು ಟೊಂಕದ ಕೆಳಗೆ ತೂರಿಸಿ, ಹೊಟ್ಟೆಯ ಬುಡಕ್ಕೆ ತಂದು, ಪಕ್ಕದಲ್ಲಿ ಲಾಡಿ ಬಿಗಿದಳು.

"ತುಂಬಿದ ಕೊಡಾ ಎತ್ತೂ ಮುಂದ ಕೈ ಎಲ್ಲಿ ಕೊಡ್ತೀರಿ?" ಎಂದು ಶಿವಗಂಗವ್ವನನ್ನು ಕೇಳಿದಳು.

"ತಳಕ್ಕ ರೀ."

"ಬಾಯಿ ಮ್ಯಾಲ ಒತ್ತಿದ್ರ?"

"ನೀರ ಚೆಲ್ಲತಾವ."

"ಅಷ್ಟ ಮತ್ತ. ಮಲಗಿಸೇ ಕಟ್ಟಬೇಕು. ಕೆಳಗಷ್ಟ ಆಸರ, ಮ್ಯಾಲ ಒತ್ತಬಾರದು. ಪಟ್ಟಿ ಒಳಗ ಎರಡ ಬೆರಳ ಹೋಗಬೇಕು. ಉಣ್ಣೂ ಮುಂದ ಬಿಚ್ಚರಿ, ಮಲಗೂ ಮುಂದ ಬಿಚ್ಚರಿ. ಇದನ್ನ ಕಟ್ಟಿಕೊಂಡು ನೀರ ಹೊರಾಕ ಹೋಗೂದಲ್ಲ, ಇದು ಔಷಧಾನೂ ಅಲ್ಲ. ನೋವಿಗೆ ಊರಗೋಲ ಇದ್ದಂಗ. ಮಾರಿ ಬಾತ್ರ, ತಲಿ ಒಡದಂಗ ಆದ್ರ, ಕಣ್ಣ ಮುಂದ ಮಿಂಚಿದಂಗ ಆದ್ರ, ರಕ್ತ ಕಂಡ್ರ, ಪಟ್ಟಿ ಬಿಚ್ಚಿ ಒಗದು ಚಕ್ಕಡಿ ಹೂಡರಿ. ನಾಳೆ ಅನಬ್ಯಾಡ್ರಿ."

ಆಮೇಲೆ ಶಿವಗಂಗವ್ವನಿಂದಲೇ ಮೂರು ಸಲ ಕಟ್ಟಿಸಿ, ಬಿಚ್ಚಿಸಿ, ಮೂರನೆಯ ಸಲ ತಲೆ ಆಡಿಸಿದಳು. ಪಟ್ಟಿ ದವಾಖಾನೆಯದು, ಕೊಡುವಂತಿರಲಿಲ್ಲ. ಅಳತೆ ಮಾತ್ರ ಕೊಟ್ಟಳು.

ಯುದ್ಧದ ಕಾಲ. ಕಂಟ್ರೋಲ್ ಅಂಗಡಿಯಲ್ಲಿ ಹೆಣ ಹೊದಿಸುವುದಕ್ಕೂ ಅರಿವೆ ಸಿಗುತ್ತಿರಲಿಲ್ಲ. ಕೊನೆಗೆ ಅಪ್ಪ ಚನಬಸಪ್ಪನ ಹಳೆಯ ರುಮಾಲನ್ನು ನಾಲ್ಕು ಮಡಿಕೆ ಮಾಡಿ ಶಿವಗಂಗವ್ವ ಹೊಲಿದಳು. ಚನಬಸಪ್ಪ ಕಟ್ಟೆಯ ಮೇಲೆ ಕೂತು ನೋಡಿದ.

"ಹನ್ನೆರಡು ವರ್ಷ ನನ್ನ ತಲಿ ಮ್ಯಾಲ ಇದ್ದದ್ದು. ಈಗ ಸೊಸಿ ಹೊಟ್ಟಿಗೆ ಇಳೀತು."

"ಮೊಮ್ಮಗನ್ನ ಎತ್ತಿ ಹಿಡ್ಯಾಕ ಇಳದೈತಿ, ಬಿಡಪ್ಪಾ."

ಹೊಲಿದದ್ದಾಯಿತು. ಕಟ್ಟಲೆಂದು ಶಿವಗಂಗವ್ವ ನಡುಮನೆಯಲ್ಲಿ ಚಾಪೆ ಹಾಸಿದಾಗ ಕಾಶೆವ್ವ ಬಂದು ಚಾಪೆಯ ಮೇಲೇ ನಿಂತಳು.

"ನೀ ಕಟ್ಟೂದ ಬ್ಯಾಡ."

"ಯಾಕ?"

"ಯಾಕ ಅಂತ ನನ್ನ ಬಾಯಿಂದ ಅನಸಬ್ಯಾಡ. ಒಮ್ಮೆ ಹೊಟ್ಟಿ ಖಾಲಿ ಆಗೇತಿ. ಬಸರ್ಯಾಗಿದ್ದಾಕಿ ಮೈಗೆ ಸುತ್ತೂ ಅರಿವಿ, ಮುತ್ತೈದಿ ಕೈಲೆ ಸುತ್ತಲಿ."

"ಕೊರಳಾಗ ಲಿಂಗ ಇದ್ದವ್ರಿಗೆ ಇದೆಲ್ಲಾ ಇಲ್ಲಂತ ಮಠದ ಅಯ್ಯಾರು ವರ್ಷಾ ಹೇಳ್ತಾರ."

"ಅಯ್ಯಾರ ಮಠದಾಗ ಬಸರ್ಯಾರು ಯಾರದಾರ?" ಎಂದಳು ಕಾಶೆವ್ವ. "ಮುದಕವ್ವಗ ಹೇಳಿ ಕಳಿಸೇನಿ. ನೀ ರೊಟ್ಟಿ ಬಡಿ, ಹೋಗು."

ಮುದಕವ್ವ ಊರ ಸೂಲಗಿತ್ತಿ. ಅರವತ್ತು ದಾಟಿದರೂ ಕುಂಕುಮ ಗಟ್ಟಿ, ಕೈ ಇನ್ನೂ ಗಟ್ಟಿ. ನೂರಾರು ಬಾಣಂತಿಯರ ಹೊಟ್ಟೆ ಕಟ್ಟಿದ್ದಳು. ಕಟ್ಟುವುದೆಂದರೆ ಅವಳಿಗೆ ಅದೊಂದೇ ಬಗೆ ಗೊತ್ತು. ಹಡೆದ ಮೇಲೆ ಜೋತ ಹೊಟ್ಟೆಯನ್ನು ಒಳಗೆ ತಳ್ಳಿ ಬಿಗಿಯುವ ಆ ಬಗೆಯನ್ನೇ ತುಂಬಿದ ಹೊಟ್ಟೆಗೂ ಮಾಡಿದಳು. ಗುರುಸಿದ್ದವ್ವನನ್ನು ಕಂಬಕ್ಕೆ ನಿಲ್ಲಿಸಿ, ಪಟ್ಟಿಯನ್ನು ಹೊಕ್ಕುಳ ಮೇಲೆ ಸುತ್ತಿ, ಬೆನ್ನಿಗೆ ಮೊಣಕಾಲು ಕೊಟ್ಟು ಜಗ್ಗಿದಳು.

"ಕೂಸು ಎದಿಗೆ ಏರಬಾರದು. ಏರಿದ್ರ ತಾಯಿ ಉಸರ ಕಟ್ಟತೈತಿ."

"ಮುದಕವ್ವಾ, ಮಲಗಿಸಿ ಕಟ್ಟಬೇಕಂತ. ಕೆಳಗ, ಬುಡಕ್ಕ," ಎಂದಳು ಶಿವಗಂಗವ್ವ ಅಡಿಗೆಮನೆಯ ಬಾಗಿಲಿನಿಂದ.

ಮುದಕವ್ವ ತಿರುಗಿ ನೋಡಲಿಲ್ಲ. "ನೀ ಎಷ್ಟ ಹಡದೀ?"

ಹೆಂಚಿನ ಮೇಲಿನ ರೊಟ್ಟಿ ಕಪ್ಪಾಯಿತು.

ಆಗಬಾರದ್ದು ಮರುದಿನದಿಂದಲೇ ಶುರುವಾಯಿತು. ಬೆನ್ನು ಬಿಗಿಯಾಗಿ ನಿಂತದ್ದರಿಂದ ಟೊಂಕದ ನೋವು ತುಸು ತಗ್ಗಿತು. ಗುರುಸಿದ್ದವ್ವ ಗೋಡೆ ಹಿಡಿಯದೆ ನಡೆದದ್ದನ್ನು ಕಾಶೆವ್ವ ನೋಡಿದಳು. ಸುಗ್ಗಿ ಮುಂದಿತ್ತು, ಕಣ ಸಾರಿಸಬೇಕು, ಆಳುಗಳಿಗೆ ಬುತ್ತಿ ಕಟ್ಟಬೇಕು.

"ಪಟ್ಟಿ ಐತಲ್ಲ ಟೊಂಕಕ್ಕ. ಎರಡ ಕೊಡಾ ನೀರ ತರಾಕ ಏನಾಗತೈತಿ?"

ಎರಡು ಕೊಡ ನಾಲ್ಕಾದವು. ದಿನಾ ಬೆಳಿಗ್ಗೆ ಮುದಕವ್ವ ಬಂದು ಬಿಗಿದ ಪಟ್ಟಿ ದೀಪ ಹಚ್ಚುವತನಕ ಮೈಮೇಲೆ. ಊಟಕ್ಕೆ ಕೂತರೆ ಗುರುಸಿದ್ದವ್ವ ಅರ್ಧ ರೊಟ್ಟಿ ಮುರಿದು ಮುಂದೆ ಇಟ್ಟುಕೊಂಡು ನೋಡುತ್ತ ಕೂರುವಳು.

"ಯಾಕವಾ, ಉಣವಲ್ಲಿ?" ಎಂದು ಮಾವ ಕೇಳಿದ.

"ಒಳಗ ಜಾಗಾನ ಇಲ್ಲ ಮಾವಾ."

ಎದೆಯುರಿ, ಹುಳಿತೇಗು, ಉಂಡದ್ದೆಲ್ಲ ಹಿತ್ತಲಲ್ಲಿ ವಾಂತಿ. ಶಿವಗಂಗವ್ವ ತಾನು ಹೊಲಿದ ಪಟ್ಟಿಯನ್ನು ಕಂಡರೆ ಹಲ್ಲು ಕಚ್ಚುವಂತಾದಳು. ದಿನಕ್ಕೊಮ್ಮೆ ತಾಯಿಗೆ ಹೇಳುವಳು, ದಿನಕ್ಕೊಮ್ಮೆ ಅದೇ ಉತ್ತರ. ತಮ್ಮ ಈಶಪ್ಪ ಕಾತೂರಿನ ಕಾಡಿನಿಂದ ಮರದ ನಾಟಾ ಸಾಗಿಸುವ ಕೆಲಸದಲ್ಲಿದ್ದ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಆದ್ದರಿಂದ ರವಿವಾರ ಸಂಜೆ ಮನೆಗೆ ಬಂದು ಮಂಗಳವಾರ ನಸುಕಿನಲ್ಲಿ ಹೋಗುವನು. ಬಂದವನನ್ನು ಅವಳು ದನದ ಕೊಟ್ಟಿಗೆಯಲ್ಲಿ ಹಿಡಿದಳು.

"ಈಶ್ಯಾ, ನೀನರ ಅವ್ವಗ ಹೇಳು."

"ಹೆಂಗಸರ ವ್ಯವಹಾರದಾಗ ನಾ ಏನ ಹೇಳಲಿ ಅಕ್ಕಾ?"

"ಬಸರ ಮಾಡೂ ಮುಂದ ನಿನ್ನ ವ್ಯವಹಾರ ಇತ್ತಲ್ಲೋ."

ಈಶಪ್ಪ ಎತ್ತಿನ ಮೈ ತಿಕ್ಕುತ್ತ ನಿಂತ.

ಮುಟ್ಟುವಂತಿಲ್ಲ, ಸರಿ. ತೋರಿಸಬಾರದೆಂದು ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಕಾಶೆವ್ವ ಕಣದ ಕಡೆ ಹೋದಾಗ ಶಿವಗಂಗವ್ವ ಹಿಂದಿನ ಕೋಣೆಗೆ ಗುರುಸಿದ್ದವ್ವನನ್ನು ಕರೆದಳು. ಎಮ್ಮೆಗೆಂದು ತೆಗೆದಿಟ್ಟ ತೌಡಿನ ಸಣ್ಣ ಚೀಲವನ್ನು ತನ್ನ ಹೊಟ್ಟೆಗೆ ಇಟ್ಟು, ಮೇಲೆ ಸೀರೆ ಸುತ್ತಿಕೊಂಡಳು.

"ಅಕ್ಕಾರ, ಇದೇನ್ರಿ?"

"ನಿನ್ನಂಗ ಬಸರಾಗೇನಿ. ನಗಬ್ಯಾಡ, ನೋಡು."

ನೆಲದ ಮೇಲೆ ಮಲಗಿ, ಮೊಣಕಾಲು ಮಡಚಿ, ಗುರುಸಿದ್ದವ್ವ ಬಿಚ್ಚಿಕೊಟ್ಟ ಪಟ್ಟಿಯನ್ನು ಟೊಂಕದಡಿ ತೂರಿಸಿ, ಚೀಲದ ಬುಡಕ್ಕೆ ತಂದು ಲಾಡಿ ಹಾಕಿದಳು. ಒಳಗೆ ಎರಡು ಬೆರಳು ತೂರಿಸಿ ತೋರಿಸಿದಳು. ಪಕ್ಕಕ್ಕೆ ಹೊರಳಿ, ಕೈ ಊರಿ ಎದ್ದಳು. ಚೀಲದ ಬಾಯಿಂದ ಒಂದು ಮುಷ್ಟಿ ತೌಡು ಉದುರಿತು. ಗುರುಸಿದ್ದವ್ವ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ತಿಂಗಳಲ್ಲಿ ಅದೇ ಮೊದಲ ನಗು. ಆಮೇಲೆ ತಾನೂ ಮಲಗಿ ಕಟ್ಟಿಕೊಂಡಳು. ಎರಡನೆಯ ಸಲಕ್ಕೆ ಸರಿಯಾಯಿತು.

"ಉಸರ ಆಡತೈತ್ರಿ ಅಕ್ಕಾರ."

"ಆಡಬೇಕ ಮತ್ತ. ದಿನಾ ಮುದಕವ್ವ ಕಟ್ಟಿ ಹೋದ ಮ್ಯಾಲ ಇಲ್ಲಿ ಬಂದು ಬಿಚ್ಚಿ, ಹಿಂಗ ಕಟ್ಟಿಕೋ. ಬಾ, ಇನ್ನೊಮ್ಮೆ ತೋರಸ್ತೇನಿ."

ಇನ್ನೊಮ್ಮೆ ತೋರಿಸಿದ್ದೇ ತಪ್ಪಾಯಿತು. ಪಕ್ಕದ ಮನೆಯ ತಾಯವ್ವ ಒಲೆಗೆ ಕೆಂಡ ಕೇಳಲು ಹಿತ್ತಲ ಬಾಗಿಲಿನಿಂದ ಬಂದಳು. ನಾಲ್ಕು ಹಡೆದು ಐದನೆಯದನ್ನು ಹೊತ್ತ ಹೆಂಗಸು. ಹೊಟ್ಟೆಯ ವಿಷಯದಲ್ಲಿ ಅವಳ ಕಣ್ಣು ತಪ್ಪುವುದಿಲ್ಲ. ಗುರುಸಿದ್ದವ್ವ ಬಾಗಿಲ ಮರೆಯಲ್ಲಿದ್ದಳು. ತಾಯವ್ವ ಕಂಡದ್ದು ಒಂದೇ: ಗಂಡ ಸತ್ತ ಶಿವಗಂಗವ್ವ ನೆಲಕ್ಕೆ ಕೈ ಊರಿ, ದೊಡ್ಡ ಹೊಟ್ಟೆ ಹೊತ್ತು ಏಳುತ್ತಿದ್ದಳು. ತಾಯವ್ವ ಕೆಂಡವನ್ನೂ ಕೇಳದೆ ಹೋದಳು.

ಸಂಜೆಯ ಹೊತ್ತಿಗೆ ಅದು ಬಾವಿಕಟ್ಟೆ ಮುಟ್ಟಿತ್ತು. ಕಾಶೆವ್ವ ಖಾಲಿ ಕೊಡ ಹಿಡಿದು ಮನೆಗೆ ಬಂದು ಅದನ್ನು ಅಂಗಳಕ್ಕೆ ಎಸೆದಳು.

"ನಿನ್ನ ಹೊಟ್ಟಿ ಬಂದೈತಂತ. ಬಾವಿ ಮ್ಯಾಲ ಅಂದ್ರು. ನನ್ನ ಮಾರಿ ನೋಡಿ ಅಂದ್ರು."

"ಬಂದಿದ್ರ ಕಾಣತಿತ್ತಲ್ಲ ಅವ್ವಾ. ನೋಡು," ಎಂದು ಶಿವಗಂಗವ್ವ ಸೆರಗು ಸರಿಸಿ ನಿಂತಳು.

"ಈಗ ಕಾಣವಲ್ದು. ತಾಯವ್ವ ಏನ ಕುರುಡೇನು? ಆಕಿ ಕಂಡದ್ದು ಏನು?"

ಶಿವಗಂಗವ್ವ ಗುರುಸಿದ್ದವ್ವನ ಕಡೆ ನೋಡಿದಳು. ಗುರುಸಿದ್ದವ್ವ ಜೋಳದ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

ಆ ದಿನ ಚನಬಸಪ್ಪ ಊಟಕ್ಕೆ ಏಳಲಿಲ್ಲ. ಕಾಶೆವ್ವ ಮಗಳ ತಾಟನ್ನು ಬೇರೆ ಇಟ್ಟಳು.

ಮರುದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಶಿವಗಂಗವ್ವ ಕೇಳಿದಳು, "ಒಂದ ಮಾತ ಆಡಿದ್ರ ನಿನ್ನ ಗಂಟ ಹೋಗ್ತಿತ್ತೇನ?"

"ಆಡಿದ್ರ ಪಟ್ಟಿ ಬಿಚ್ಚಿ ಕಟ್ಟಿಕೊಳ್ಳೂದು ಗೊತ್ತಾಗತೈತ್ರಿ. ಮುದಕವ್ವ ಇಡೀ ದಿನಾ ಮುಂದ ಕೂಡ್ತಾಳ," ಎಂದಳು ಗುರುಸಿದ್ದವ್ವ. "ಹೋದ ಸಲದ ಕೂಸಿನ್ನ ಅರಿವ್ಯಾಗ ಸುತ್ತಿ ಒಯ್ದದ್ದು ಕಂಡೇನಿ ಅಕ್ಕಾರ. ಇನ್ನೊಮ್ಮೆ ಕಾಣೂ ಶಕ್ತಿ ನನಗಿಲ್ಲ. ನೀವು ಬೇಕಾದ್ರ ಹೇಳ್ರಿ."

ಶಿವಗಂಗವ್ವ ತಂಬಿಗೆಯನ್ನು ಅಗತ್ಯಕ್ಕಿಂತ ಜೋರಾಗಿ ತಿಕ್ಕಿದಳು. ಹೇಳಿದರೆ ತನ್ನ ಹೆಸರು ಉಳಿಯುತ್ತದೆ, ಪಟ್ಟಿ ಮತ್ತೆ ಹೊಕ್ಕುಳ ಮೇಲೆ ಏರುತ್ತದೆ. "ನಿನ್ನ ಹೊಟ್ಟಿ ಉಳಸಾಕ ನನಗ ಹೊಟ್ಟಿ ಬಂತು," ಎಂದಳು. "ಛಲೋ ಆತು. ಹೋಗು, ಹೊತ್ತಾತು, ಕಟ್ಟಿಕೋ ಹೋಗು."

ಅದಾದ ಮೇಲೆ ನಡೆದದ್ದು ಅವಳ ಹೊಟ್ಟೆಯುರಿ ಹೆಚ್ಚಿಸುವಂಥದ್ದೇ. ಗುರುಸಿದ್ದವ್ವ ಎರಡು ರೊಟ್ಟಿ ಉಣ್ಣತೊಡಗಿದಳು. ವಾಂತಿ ನಿಂತಿತು. ಕಾಶೆವ್ವ ಅದನ್ನು ಕಂಡು ಮುದಕವ್ವನಿಗೆ ಮೊರದ ತುಂಬ ಅಕ್ಕಿ, ಬೆಲ್ಲ, ಎತ್ತಿಟ್ಟಿದ್ದ ಕುಪ್ಪಸದ ಅರಿವೆ ಕೊಟ್ಟಳು. "ನಿನ್ನ ಕೈಗುಣ ಅವ್ವಾ," ಎಂದಳು. ಮುದಕವ್ವ ಅಕ್ಕಿ ಮುಟ್ಟಿ ನೋಡಿ, "ಹೊಸಾ ಅಕ್ಕಿ ಅನ್ನ ಮುದ್ದಿ ಆಗತೈತಿ, ಹಳೇದಿಲ್ಲೇನು?" ಎಂದಳು.

ಏಳನೆಯ ತಿಂಗಳ ಕುಬುಸದ ಕಾರ್ಯಕ್ಕೆ ಗುರುಸಿದ್ದವ್ವನ ತವರಿನವರು ಎಲ್ಲಿಂದಲೋ ಹೊಂದಿಸಿದ ಹಸಿರು ಸೀರೆ, ಕುಬುಸದ ಅರಿವೆ ತಂದರು. ಉಡಿ ತುಂಬುವಾಗ ಶಿವಗಂಗವ್ವ ಕೊಟ್ಟಿಗೆಯಲ್ಲಿದ್ದಳು. ಬಂದ ಹೆಂಗಸರು ನೀರು ಚೆಲ್ಲುವ ನೆಪ ಮಾಡಿ ಒಬ್ಬೊಬ್ಬರಾಗಿ ಬಂದು ಅವಳ ಸೊಂಟ ನೋಡಿ ಹೋದರು. ರವಿವಾರ ಬಂದ ಈಶಪ್ಪ ಅಕ್ಕನ ಮುಖ ನೋಡದೆ, "ಕಾಡಾಗ ಸುದ್ದಿ ಬಂತು. ಜೋಡಿ ನಾಟಾ ಹೇರೂ ಲಂಬಾಣಿ ಭೋಜಪ್ಪ ಸೈತ ಕೇಳಿದ. ನಾ ಏನ ಹೇಳಬೇಕಿತ್ತು?" ಎಂದ.

"ಹೆಂಗಸರ ವ್ಯವಹಾರ ಅನಬೇಕಿತ್ತು."

ಎಂಟನೆಯ ತಿಂಗಳ ನಡುವಿನ ಒಂದು ಸೋಮವಾರ ಗುರುಸಿದ್ದವ್ವ ಎದ್ದಾಗ ಮುಖ ಬಾತಿತ್ತು. ಕಣ್ಣು ಸಣ್ಣಗಾಗಿದ್ದವು. ಕೈಬಳೆ ಮಣಿಕಟ್ಟಿನಲ್ಲಿ ಹೂತಿದ್ದವು. ತಲೆ ಒಡೆಯುತ್ತಿದೆ ಎಂದಳು. ಕಂದೀಲು ಹಚ್ಚಿ ಆರಿಸಿದಂತೆ ಕಣ್ಣ ಮುಂದೆ ಏನೋ ಹೊಳೆಯುತ್ತಿದೆ ಎಂದಳು. ಅದಕ್ಕೇ ಆ ದಿನ ಅವಳು ಪಟ್ಟಿಯನ್ನೇ ಮುಟ್ಟಿರಲಿಲ್ಲ.

ಶಿವಗಂಗವ್ವ ತಂದೆಯ ಮುಂದೆ ಹೋಗಿ ನಿಂತಳು. "ಅಪ್ಪಾ, ಚಕ್ಕಡಿ ಹೂಡಸು. ನರ್ಸಬಾಯಿ ಹೇಳಿದ್ದ ಆಗೇತಿ."

"ಇವತ್ತ ಸೋಮಾರ."

"ನಾಳೆ ಅನಬ್ಯಾಡ್ರಿ ಅಂದಾಳ."

ಚನಬಸಪ್ಪ ಎಲೆಯಡಿಕೆ ಸಂಚಿ ಬಿಚ್ಚಿದ, ಮತ್ತೆ ಕಟ್ಟಿದ. ಅಷ್ಟರಲ್ಲಿ ಒಳಗೆ ಮುದಕವ್ವ ಬಂದಾಗಿತ್ತು.

"ಬಾವು ಮಾರಿಗೆ ಏರೇತಿ. ಬಿಗದ್ರ ಇಳಿತೈತಿ," ಎನ್ನುತ್ತ ಅವಳು ಗುರುಸಿದ್ದವ್ವನನ್ನು ಕಂಬಕ್ಕೆ ನಿಲ್ಲಿಸಿದಳು. ಕಾಶೆವ್ವ ಸೊಸೆಯ ತೋಳು ಹಿಡಿದಳು. ಪಟ್ಟಿ ಎದೆಯಡಿ ಸುತ್ತಿತು, ಬೆನ್ನಿಗೆ ಮೊಣಕಾಲು ಬಿತ್ತು. ಗುರುಸಿದ್ದವ್ವನ ಬಾಯಿಂದ ಗಾಳಿ ಹೊರಟಿತು, ಮಾತು ಹೊರಡಲಿಲ್ಲ.

ಶಿವಗಂಗವ್ವ ಒಳಗೆ ಬಂದವಳೇ ಮುದಕವ್ವನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದಳು. ಲಾಡಿಯ ಗಂಟಿಗೆ ಕೈ ಹಾಕಿದಳು.

"ಮುಟ್ಟಬ್ಯಾಡ," ಎಂದಳು ಕಾಶೆವ್ವ. "ಹೊಟ್ಟಿ ಮುಟ್ಟಬ್ಯಾಡ ಶಿವಗಂಗೀ."

"ಮುಟ್ಟೇನಿ. ಆತಲ್ಲ ಈಗ?"

ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಪಟ್ಟಿ ಕೆಳಗೆ ಬಿತ್ತು. ಗುರುಸಿದ್ದವ್ವ ಕಂಬ ಹಿಡಿದು ಕುಸಿದು ಕೂತಳು, ಮೂರು ಸಲ ಉಸಿರು ಎಳೆದುಕೊಂಡಳು, ಆಮೇಲೆ ಹೊರಗಿನ ಕಟ್ಟೆಗೂ ಕೇಳುವಂತೆ ಹೇಳಿದಳು.

"ಅತ್ತಿ, ಇಷ್ಟ ದಿನ ನಾ ಉಂಡದ್ದು ಮುದಕವ್ವನ ಕೈಗುಣದಿಂದಲ್ಲ. ಆಕಿ ಕಟ್ಟಿದ್ದನ್ನ ದಿನಾ ಬಿಚ್ಚಿ, ನಾನ ಕೆಳಗ ಕಟ್ಟಿಕೊಂಡೇನಿ. ಕಲಿಸಿದಾಕಿ ಅಕ್ಕ. ನನ್ನ ಮುಟ್ಟಬಾರದಂತ ತನ್ನ ಹೊಟ್ಟಿಗೆ ತೌಡಿನ ಚೀಲ ಕಟ್ಟಿ ತೋರಿಸಿದಳು. ತಾಯವ್ವ ಕಂಡದ್ದು ಆ ತೌಡು."

ಕಾಶೆವ್ವನ ಕೈ ಸೊಸೆಯ ತೋಳಿನ ಮೇಲೇ ಇತ್ತು. ಮುದಕವ್ವ ಸೆರಗು ಕೊಡವಿ, "ನನ್ನ ಕೆಲಸಕ್ಕ ಸುಳ್ಳ ಹಚ್ಚತೀರಿ," ಎಂದು ಹೊರಟುಹೋದಳು. ಅಕ್ಕಿಯ ಮಾತು ಎತ್ತಲಿಲ್ಲ.

ಹೊರಗೆ ಚನಬಸಪ್ಪ ಎದ್ದು ನಿಂತಿದ್ದ. "ಈಶ್ಯಾ, ಗದ್ದಿ ಕೋಣ ಎರಡೂ ಬಿಡು. ಚಕ್ಕಡಿಗೆ ಹೂಡು."

"ಕೋಣಾನ? ಸೋಮಾರ ಅಪ್ಪಾ."

"ಬಸವಣ್ಣ ಎತ್ತ. ಕೋಣಕ್ಕ ಯಾವ ವಾರ?"

ಚಕ್ಕಡಿ ಎಂದೂ ಎಳೆಯದ ಕೋಣಗಳು ನೀರು ಕಂಡಲ್ಲೆಲ್ಲ ಇಳಿಯಲು ನೋಡಿದವು. ಮುಂಡಗೋಡ ಮುಟ್ಟುವಷ್ಟರಲ್ಲಿ ಈಶಪ್ಪ ಅವುಗಳ ಹಗ್ಗ ಹಿಡಿದು ಮುಂದೆ ಮುಂದೆ ಓಡಿ ಮೈಯೆಲ್ಲ ಕೆಸರಾಗಿದ್ದ. ಮೊಣಕಾಲು ಬೇನೆಯ ಕಾಶೆವ್ವ ಯಾರೂ ಕರೆಯದೆ ಚಕ್ಕಡಿ ಹತ್ತಿದ್ದಳು. ಸೊಸೆಯ ತಲೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ದವಾಖಾನೆಯಲ್ಲಿ ಡಾಕ್ಟರು ಗುರುಸಿದ್ದವ್ವನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಾಕಿ ದೀಪಕ್ಕೆ ಹಿಡಿದರು. ಅದು ಒಡೆದ ಹಾಲಿನಂತೆ ಬೆಳ್ಳಗೆ ಕಟ್ಟಿತು. ಗಿರಿಜಾಬಾಯಿ ಎದೆಯಡಿಯ ಕೆಂಪು ಬರೆಯನ್ನು ಬೆರಳಿನಿಂದ ತೋರಿಸಿದಳು.

"ಇದನ್ನ ಕಟ್ಟಿದವರು ಯಾರು?"

"ನಾನ ಕಟ್ಟಿಸಿದ್ದು," ಎಂದಳು ಕಾಶೆವ್ವ.

"ಬ್ಯಾನಿ ಪಟ್ಟಿಯಿಂದ ಬಂದದ್ದಲ್ಲ. ಪಟ್ಟಿಯಿಂದ ಹೋಗೂದೂ ಅಲ್ಲ. ಆದ್ರ ಹಿಂಗ ಬಿಗದು ಮನ್ಯಾಗ ಇಟ್ಟುಕೊಂಡು ಕೂತಿದ್ರ, ನಾಳೆ ನಾನು ಏನೂ ಮಾಡಾಕ ಆಗ್ತಿರಲಿಲ್ಲ."

ಹದಿನೆಂಟು ದಿನ ಗುರುಸಿದ್ದವ್ವ ಅಲ್ಲಿಯೇ ಕತ್ತಲ ಕೋಣೆಯಲ್ಲಿ ಉಪ್ಪಿಲ್ಲದ ಗಂಜಿ ಕುಡಿದು ಮಲಗಿದಳು. ದಿನ ತುಂಬುವ ಮೊದಲೇ ಹೆಣ್ಣು ಹುಟ್ಟಿತು. ಅಂಗೈಗಿಂತ ತುಸು ದೊಡ್ಡದು, ಆದರೆ ಅತ್ತಿತು. ತಾಯಿಯೂ ಉಳಿದಳು.

ತೊಟ್ಟಿಲ ದಿನ ಕಾಶೆವ್ವ ಮಗಳಿಗೆ ಹೊಸ ಸೀರೆ ಕೊಟ್ಟಳು. ಕೊಟ್ಟು, "ನೀ ಒಳಗ ಇರು. ತೊಟ್ಟಿಲಕ್ಕ ಮುತ್ತೈದೇರು ಕೈ ಹಚ್ಚಲಿ," ಎಂದಳು.

"ಇನ್ನೂನು ಅದ ಏನವ್ವಾ?"

"ಹೆಣ್ಣಕೂಸು ಉಳಿದೈತಿ. ಉಳಿದದ್ದರ ಮ್ಯಾಲ ಯಾಕ ಪರೀಕ್ಷೆ ಮಾಡಬೇಕು?"

ಶಿವಗಂಗವ್ವ ಹೊಸ ಸೀರೆಯನ್ನು ಗೂಟಕ್ಕೆ ಹಾಕಿ ಹಳೆಯದರಲ್ಲೇ ಹೋಳಿಗೆ ಲಟ್ಟಿಸುತ್ತ ಕೂತಳು. ನಡುಮನೆಯಲ್ಲಿ ಹೆಂಗಸರು ಜೋಗುಳ ಹಾಡುತ್ತಿದ್ದರು. ಆಗ ಹಿತ್ತಲ ಬಾಗಿಲಿಗೆ ತಾಯವ್ವ ಬಂದು ನಿಂತಳು. ಐದನೆಯ ಹೊಟ್ಟೆ ಮೊಣಕಾಲಿಗೆ ಜೋತುಬಿದ್ದಂತಿತ್ತು. ಒಂದು ಕೈ ಟೊಂಕದ ಮೇಲೆ, ಒಂದು ಬಾಗಿಲ ಚೌಕಟ್ಟಿನ ಮೇಲೆ.

"ಕೆಂಡ ಬೇಕೇನು?" ಎಂದಳು ಶಿವಗಂಗವ್ವ.

"ಇಲ್ಲಕ್ಕಾ. ನಿಲ್ಲಾಕ ಆಗವಲ್ದು. ಆ ಪಟ್ಟಿ... ತೌಡಿನ ಚೀಲದ್ದು... ನನಗೂ ಒಮ್ಮೆ ತೋರಸ್ತೀಯೇನು?"

"ನಡುಮನ್ಯಾಗ ಹದಿನೈದು ಹೆಂಗಸರದಾರ. ಅಲ್ಲಿ ಹೋಗಿ, ನೀ ಕಂಡದ್ದು ತೌಡು ಅಂತ ಹೇಳು. ಆಮ್ಯಾಲ ತೋರಸ್ತೇನಿ."

ತಾಯವ್ವ ನಡುಮನೆಯ ಬಾಗಿಲ ಕಡೆ ನೋಡಿದಳು. ಬಂದ ಬಾಗಿಲಿನಿಂದಲೇ ಚೌಕಟ್ಟು ಹಿಡಿದು, ಗೋಡೆ ಹಿಡಿದು, ಬೇಲಿ ಹಿಡಿದು ಹೋದಳು.

ಶಿವಗಂಗವ್ವ ಮತ್ತೆ ನಾಲ್ಕು ಹೋಳಿಗೆ ಮಾಡಿದಳು. ನಾಲ್ಕನೆಯದು ಹರಿಯಿತು. ಬೇಲಿ ಹಿಡಿದ ಆ ಕೈ ಕಣ್ಣ ಮುಂದಿನಿಂದ ಹೋಗಲೊಲ್ಲದು. ಬಾಯಿಬಿಟ್ಟು ಒಂದು ಕೆಟ್ಟ ಮಾತು ಬೈದು, ಕೈ ತೊಳೆದುಕೊಂಡು, ಹಿಂದಿನ ಕೋಣೆಗೆ ಹೋದಳು. ತೌಡಿನ ಚೀಲವನ್ನು ಹೊಟ್ಟೆಗೆ ಇಟ್ಟು ಸೀರೆ ಸುತ್ತಿದಳು. ಅದರ ಬುಡಕ್ಕೆ ಅಪ್ಪನ ರುಮಾಲಿನ ಪಟ್ಟಿ ಕಟ್ಟಿದಳು. ಹಿತ್ತಲಿಗೆ ಹೋಗಲಿಲ್ಲ, ನಡುಮನೆಗೆ ಬಂದಳು. ಜೋಗುಳ ನಿಂತಿತು. ಕಾಶೆವ್ವ ಅರಿಶಿನದ ತಾಟು ಹಿಡಿದು ಹಾಗೇ ನಿಂತಳು. ತೊಟ್ಟಿಲ ಪಕ್ಕದಿಂದ ಗುರುಸಿದ್ದವ್ವ ಒಬ್ಬಳೇ ನಕ್ಕಳು.

ಶಿವಗಂಗವ್ವ ಹೆಂಗಸರ ನಡುವಿನಿಂದ ಹಾದು, ಮುಂಬಾಗಿಲು ದಾಟಿ, ಹಾಡಹಗಲಲ್ಲಿ ತುಂಬಿದ ಹೊಟ್ಟೆಯಿಂದ ತಾಯವ್ವನ ಮನೆಯ ಕಡೆ ಓಣಿಗೆ ಇಳಿದಳು. ಕಟ್ಟೆಯ ಮೇಲೆ ಚನಬಸಪ್ಪ ಅಡಿಕೆ ಕತ್ತರಿಸುತ್ತಿದ್ದ. ತಲೆಯೆತ್ತಿ ಮಗಳನ್ನು ನೋಡಿದ. ಎದುರಿನ ಕಟ್ಟೆಯ ಗಂಡಸರನ್ನೂ ನೋಡಿದ.

"ತೌಡು ಚೆಲ್ಲೀತು," ಎಂದ. "ಗಟ್ಟಿ ಬಿಗದು ಕಟ್ಟಿಕೋ."

"ಬಿಗಿಬಾರದಪ್ಪಾ," ಎಂದಳು ಅವಳು, ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿಕೊಳ್ಳುತ್ತ. "ಎರಡ ಬೆರಳ ಸಡಲ ಇರಬೇಕು."